ಸಿದ್ದರಬೆಟ್ಟದ ಬಂಡೆಗೆ ಎಷ್ಟು ಬಣ್ಣ?

ಮಳೆಗಾಲ ಮುಗಿದ ಒಂದು ಭಾನುವಾರ ನಾವು ಸಿದ್ದರಬೆಟ್ಟಕ್ಕೆ ಹೊರಟೆವು. ಕೊರಟಗೆರೆ ತಾಲೂಕಿನ ಈ ಬೆಟ್ಟ ತುಮಕೂರಿನವರಿಗೆ ಹೊಸದೇನಲ್ಲ. ಮೇಲೆ ಗುಹೆಯಲ್ಲಿ ಸಿದ್ಧೇಶ್ವರ ದೇವಸ್ಥಾನವಿದೆ. ಗಿಡಮೂಲಿಕೆಗಳಿಗೂ ಬೆಟ್ಟ ಹೆಸರಾಗಿದೆ. ಭಕ್ತರು ದರ್ಶನಕ್ಕೆ ಬರುತ್ತಾರೆ, ನಾಟಿ ವೈದ್ಯರು ಬೇರು-ಸೊಪ್ಪಿಗೆ ಬರುತ್ತಾರೆ, ಹುಡುಗರು ಹತ್ತುವ ಖುಷಿಗೆ ಬರುತ್ತಾರೆ. ನಾನು ಹೋದದ್ದು ಚಿತ್ರ ಬರೆಯಲು. ಬುತ್ತಿ ಚೀಲದಲ್ಲಿ ಚಿತ್ರಾನ್ನದ ಡಬ್ಬಿಯ ಪಕ್ಕದಲ್ಲಿ ಮಗಳ ಜಲವರ್ಣದ ಪೆಟ್ಟಿಗೆಯೂ ಇತ್ತು.

ಹೈಸ್ಕೂಲಿನಲ್ಲಿದ್ದಾಗ ನಾನು ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದ್ದೆ. ಮದುವೆಯಾದ ಮೇಲೆ ಕುಂಚ ಮುಟ್ಟಿರಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ನಂತರ ಮಗಳಿಗೆಂದು ತಂದ ಬಣ್ಣದಲ್ಲಿ ಒಂದು ತೆಂಗಿನ ಮರ ಬರೆದಾಗ ಅತ್ತೆ ನೋಡಿ, "ನಮ್ಮ ಮನೆಯಲ್ಲಿ ತಸ್ವೀರ್ ಬರೆಯೋದಾ?" ಎಂದು ಕೇಳಿದರು. ಅವರು ಕೋಪದಿಂದ ಕೇಳಿರಲಿಲ್ಲ, ಭಯದಿಂದ ಕೇಳಿದ್ದರು. ಜೀವವಿರುವವುಗಳ ಚಿತ್ರದ ಬಗ್ಗೆ ವಿದ್ವಾಂಸರು ಬಹಳ ಚರ್ಚೆ ಮಾಡಿದ್ದಾರೆ. ಆದರೆ ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬನಿಗೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯುವಂತೆ ಇಬ್ನು ಅಬ್ಬಾಸ್(ರ) ಹೇಳಿದ್ದು ಬುಖಾರಿಯಲ್ಲಿದೆ. ಅದನ್ನು ಓದಿ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಿಡ, ಬೆಟ್ಟ ಆದರೆ ಸರಿ. ಅಡುಗೆ ಹೊತ್ತಿಗೆ ಮುಗಿಸಮ್ಮ" ಎಂದರು.

ಅಸಲು ಕಷ್ಟ ಶುರುವಾದದ್ದು ಆಮೇಲೆ. ಅನುಮತಿ ಸಿಕ್ಕಿತ್ತು, ಸಮಯ ಸಿಗಲಿಲ್ಲ. ಮೂರು ಸಲ ಶುರು ಮಾಡಿ ಮೂರು ಸಲವೂ ಬಿಟ್ಟೆ. ಮನೆ ತುಂಬ ಕೆಲಸವಿರುವಾಗ ಬಣ್ಣ ಕಲೆಸುತ್ತಾ ಕೂತರೆ ಕಳ್ಳತನ ಮಾಡಿದ ಹಾಗೆ ಅನಿಸುತ್ತಿತ್ತು. ಒಮ್ಮೆಗೇ ದೊಡ್ಡ ಚಿತ್ರ ಬರೆಯುವ ಆಸೆಯೂ ನನ್ನನ್ನು ಕೆಡಿಸಿತ್ತು. ಕಡೆಗೆ ಕೈ ಹಿಡಿದದ್ದು ನಾವೆಲ್ಲ ಕೇಳಿದ ಆ ಹದೀಸ್: ಅಲ್ಲಾಹನಿಗೆ ಹೆಚ್ಚು ಪ್ರಿಯವಾದದ್ದು, ಸ್ವಲ್ಪವೇ ಆದರೂ ಬಿಡದೆ ಮಾಡುವ ಕರ್ಮ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆರಾಧನೆಯ ವಿಷಯದಲ್ಲಿ ಹೇಳಿದ ಮಾತನ್ನು ಹವ್ಯಾಸಕ್ಕೆ ಸಮ ಮಾಡುತ್ತಿಲ್ಲ. ಆದರೆ ಮನುಷ್ಯನ ಮನಸ್ಸು ನಡೆಯುವ ರೀತಿ ಎರಡರಲ್ಲೂ ಒಂದೇ.

ಫಜ್ರ್ ನಮಾಝ್ ಆದ ಮೇಲೆ ಮಕ್ಕಳು ಏಳುವವರೆಗೆ ಅರ್ಧ ಗಂಟೆ ಸಿಗುತ್ತದೆ. ಅದನ್ನೇ ಗೊತ್ತು ಮಾಡಿಕೊಂಡೆ. ಕಾಗದ ಪೋಸ್ಟ್ ಕಾರ್ಡಿನಷ್ಟೇ ದೊಡ್ಡದು. ತೆಳು ಕಾಗದ ನೀರು ಬಿದ್ದರೆ ಹಪ್ಪಳದಂತೆ ಸುರುಟುತ್ತದೆ. ಆದ್ದರಿಂದ 300 ಜಿಎಸ್‌ಎಂ ಕಾಗದದ ಒಂದು ಹಾಳೆ ತಂದು ಎಂಟು ತುಂಡು ಮಾಡಿದೆ. ಕೆಟ್ಟ ಚಿತ್ರವನ್ನೂ ಹರಿಯಬಾರದು, ಹಿಂದೆ ತಾರೀಕು ಬರೆದು ಇಡಬೇಕು ಎಂದು ನಿಯಮ ಮಾಡಿಕೊಂಡೆ. ಜಲವರ್ಣದಲ್ಲಿ ಬಿಳಿ ಬಣ್ಣ ಬಳಿಯುವುದಿಲ್ಲ, ಕಾಗದದ ಬಿಳಿಯನ್ನೇ ಉಳಿಸಿಕೊಳ್ಳಬೇಕು. ತೆಳು ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ತಪ್ಪಿದರೆ ತಿದ್ದುವುದು ಕಷ್ಟ. ಅದಕ್ಕೇ ತಾಳ್ಮೆ ಕಲಿಸುವ ಮಾಧ್ಯಮ ಇದು. ಕೆ. ವೆಂಕಟಪ್ಪ (1886-1965) ಊಟಿಯ ಮಂಜು, ಬೆಟ್ಟಗಳನ್ನು ಬರೆದದ್ದು ಜಲವರ್ಣದಲ್ಲೇ. ನಮ್ಮ ನೆರೆಯ ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯ (1910-1988) ಹೂ ಬಿಟ್ಟ ಮರಗಳ ಚಿತ್ರಗಳಿಂದಲೇ ಹೆಸರಾದವರು.

ಬೆಟ್ಟದಲ್ಲಿ ಮಗಳು ಮತ್ತು ಅವಳ ಅಬ್ಬಾ ಮುಂದೆ ಹತ್ತಿದರು. ನಾನು ಮೆಟ್ಟಿಲ ಪಕ್ಕದ ನೆರಳಿನಲ್ಲಿ ಕೂತು ಎದುರಿನ ಬಂಡೆ ಬರೆಯತೊಡಗಿದೆ. ಬಂಡೆ ಎಂದರೆ ಬೂದು ಎಂದುಕೊಂಡು ಕಪ್ಪಿಗೆ ನೀರು ಬೆರೆಸಿ ಬಳಿದೆ. ಬಯಲುಸೀಮೆಯ ಗಾಳಿಗೆ ಬಣ್ಣ ಕ್ಷಣದಲ್ಲಿ ಒಣಗಿ ಅಂಚು ಕಟ್ಟಿತು. ಸೊಪ್ಪಿನ ಕಟ್ಟು ಹೊತ್ತು ಇಳಿಯುತ್ತಿದ್ದ ಅಜ್ಜಿಯೊಬ್ಬರು ನಿಂತು ಬಗ್ಗಿ ನೋಡಿದರು.

"ಏನವ್ವಾ ಇದು, ಬಂಡೇನಾ?"

"ಹೌದಜ್ಜಿ."

"ಬಂಡೆ ಹಿಂಗೆ ಎಲ್ಲಾ ಒಂದೇ ಬಣ್ಣ ಇರ್ತದಾ? ನೀರು ಇಳಿದಿರೋ ಕರೀ ಗೆರೆ ಎಲ್ಲಿ? ಆ ಕೆಂಪು ಎಲ್ಲಿ? ಸರಿಯಾಗಿ ನೋಡವ್ವಾ."

ತಲೆ ಎತ್ತಿ ನೋಡಿದೆ. ನಿಜ! ಮಳೆನೀರು ಹರಿಯುವ ಜಾಗದಲ್ಲಿ ಪಾಚಿ, ಕಲ್ಲುಹೂ ಬೆಳೆದು ಕಡುಗಪ್ಪು ಪಟ್ಟೆಗಳಾಗಿದ್ದವು. ಸಿಪ್ಪೆ ಎದ್ದ ಕಡೆ ಕೆಂಪು, ಬಿಸಿಲು ಬಿದ್ದ ಕಡೆ ಬಿಳಿ. ಪರ್ವತಗಳಲ್ಲಿ ಬಿಳಿ, ಕೆಂಪು ಮತ್ತು ಕಡುಗಪ್ಪು ಪಟ್ಟೆಗಳಿರುವುದನ್ನು ಸೂರಃ ಫಾತಿರ್‌ನ 27ನೇ ವಚನ ನೆನಪಿಸುತ್ತದೆ. ಎಷ್ಟು ರಮಝಾನ್‌ಗಳಲ್ಲಿ ಅದನ್ನು ಓದಿದ್ದೇನೋ! ಮೂರು ಬಣ್ಣಗಳೂ ಕಣ್ಣೆದುರೇ ಇದ್ದವು, ನಾನು ಮಾತ್ರ ಬೂದು ಬಳಿಯುತ್ತಾ ಕೂತಿದ್ದೆ. ಆ ಅಜ್ಜಿಗೆ ಓದು ಬರುತ್ತದೋ ಇಲ್ಲವೋ, ನೋಡಲು ಮಾತ್ರ ಚೆನ್ನಾಗಿ ಬರುತ್ತಿತ್ತು.

ಇನ್ನೊಂದು ತುಂಡು ಕಾಗದ ತೆಗೆದೆ. ಈ ಸಲ ಕಪ್ಪನ್ನು ಮುಟ್ಟಲಿಲ್ಲ. ಬರ್ಂಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಜೀವಂತವಾದ ಬೂದು ಬರುತ್ತದೆ. ಕಂದು ಹೆಚ್ಚಾದರೆ ಬಂಡೆ ಬೆಚ್ಚಗೆ, ನೀಲಿ ಹೆಚ್ಚಾದರೆ ತಂಪು. ಕಾಗದವನ್ನು ಮೊದಲೇ ಒದ್ದೆ ಮಾಡಿಕೊಂಡು ಬಳಿದೆ, ಒಣಗಿದ ಮೇಲೆ ಕರಿ ಗೆರೆಗಳನ್ನು ಇಳಿಸಿದೆ. ಮಹಾ ಚಿತ್ರವೇನೂ ಆಗಲಿಲ್ಲ. ಆದರೆ ಮೇಲಿಂದ ಇಳಿದು ಬಂದ ಮಗಳು, "ಅಮ್ಮಿ, ಇದು ಆ ಬಂಡೆಯೇ!" ಎಂದು ಬೆರಳು ತೋರಿಸಿದಳು. ಅಲ್‌ಹಮ್ದುಲಿಲ್ಲಾಹ್, ಅಷ್ಟು ಸಾಕಾಯಿತು.

ದಿನಾ ಅರ್ಧ ಗಂಟೆಯಿಂದ ನನಗೆ ದೊರೆತದ್ದು ಇದೇ. ನಾನು ಕಲಾವಿದೆಯಾಗಲಿಲ್ಲ, ನೋಡುವುದನ್ನು ಕಲಿಯುತ್ತಿದ್ದೇನೆ. ಸಾಂಬಾರಿನ ಒಗ್ಗರಣೆಯಿಂದ ಕದ್ದ ಸಮಯ ಎಂದು ಈಗ ಅನಿಸುವುದಿಲ್ಲ. ಆ ಅರ್ಧ ಗಂಟೆ ಕೂತೆದ್ದ ದಿನ ಮಕ್ಕಳ ಮೇಲೆ ರೇಗುವುದೂ ಕಡಿಮೆ.

ಸಂಜೆ ಮನೆಗೆ ಬಂದಾಗ ಮಂಡಿನೋವಿನಿಂದ ಬೆಟ್ಟಕ್ಕೆ ಬರಲಾಗದ ಅತ್ತೆ ಚಿತ್ರವನ್ನು ಕನ್ನಡಕ ಹಾಕಿಕೊಂಡು ನೋಡಿದರು. ಅವರ ತವರು ಶಿರಾ.

"ನಮ್ಮೂರಿನ ಜುಮ್ಮಾ ಮಸೀದಿ ಬರೆದುಕೊಡ್ತೀಯಾ?" ಎಂದರು.

1696ರಲ್ಲಿ ಕಟ್ಟಿದ ಕಲ್ಲಿನ ಮಸೀದಿ ಅದು. ಕಲ್ಲು ಎಂದರೆ ಬೂದು ಎಂದುಕೊಂಡು ಈ ಸಲ ಹೋಗುವುದಿಲ್ಲ. ಇನ್‌ಶಾ ಅಲ್ಲಾಹ್, ಮುಂದಿನ ಭಾನುವಾರ ಅತ್ತೆಯನ್ನೂ ಕರೆದುಕೊಂಡು ಶಿರಾಕ್ಕೆ.