ಗುಂಡಿಗಿಂತ ದೊಡ್ಡ ಕೆಲಸ

ದೊಡ್ಡ ಪೊಲೀಸ್ ಅಧಿಕಾರಿ ಎಂದರೆ ನಮ್ಮ ಕಡೆ ಈಗಲೂ ನೆನಪಾಗುವುದು ಶಂಕರ್‌ನಾಗ್ ಅವರ ಸಾಂಗ್ಲಿಯಾನ. ಸಿನಿಮಾವನ್ನೂ ಮೀರಿಸುವ ಬದುಕು ಜೂಲಿಯೊ ರಿಬೇರೊ ಅವರದು. ಆದರೆ ನನಗೆ ಅವರು ಇಷ್ಟವಾಗುವುದು ಬಂದೂಕಿನ ಕಾರಣಕ್ಕಲ್ಲ.

ಗೋವಾ ಮೂಲದ ಕುಟುಂಬದ ರಿಬೇರೊ ಹುಟ್ಟಿದ್ದು 1929ರಲ್ಲಿ, ಮುಂಬೈಯಲ್ಲಿ. 1953ರಲ್ಲಿ ಐಪಿಎಸ್ ಸೇರಿ, 1982ರಲ್ಲಿ ಮುಂಬೈ ಪೊಲೀಸ್ ಕಮಿಷನರ್ ಆದರು. ಅದೇ ಆಗಸ್ಟ್‌ನಲ್ಲಿ ಅವರದೇ ಪಡೆಯ ಕಾನ್‌ಸ್ಟೆಬಲ್‌ಗಳು ದಂಗೆಯೆದ್ದು ಬೀದಿಗಿಳಿದರು. 1986ರಲ್ಲಿ ಉಗ್ರವಾದದಿಂದ ತತ್ತರಿಸಿದ್ದ ಪಂಜಾಬಿನ ಪೊಲೀಸ್ ಮುಖ್ಯಸ್ಥರಾದರು. ‘ಗುಂಡಿಗೆ ಗುಂಡು’ ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡಿತು. ಆಗಿನ ಪಂಜಾಬ್ ಪೊಲೀಸರ ಮೇಲೆ ಮಾನವ ಹಕ್ಕು ಉಲ್ಲಂಘನೆಯ ದೂರುಗಳೂ ಬಂದವು. ಆ ವರ್ಷದ ಅಕ್ಟೋಬರ್‌ನಲ್ಲಿ ಜಲಂಧರ್‌ನ ಪೊಲೀಸ್ ಆವರಣದೊಳಗೇ ಅವರ ಮೇಲೆ ಗುಂಡಿನ ದಾಳಿ ನಡೆಯಿತು, ಪತ್ನಿಗೂ ಗಾಯವಾಯಿತು. 1991ರಲ್ಲಿ ರೊಮೇನಿಯಾದಲ್ಲಿ ರಾಯಭಾರಿಯಾಗಿದ್ದಾಗ ಮತ್ತೊಂದು ದಾಳಿ. ಅಲ್ಲೂ ಬದುಕಿ ಉಳಿದರು.

ಇಷ್ಟು ಕಥೆ ಎಲ್ಲರೂ ಹೇಳುತ್ತಾರೆ. ನಮ್ಮ ಹಳ್ಳಿಗೆ ಬೇಕಾದದ್ದು ಮುಂದಿನದು.

1992-93ರ ಗಲಭೆಯ ನಂತರ ಮುಂಬೈಯ ಕೇರಿಗಳಲ್ಲಿ ಹಿಂದೂಗಳು, ಮುಸ್ಲಿಮರು ಮತ್ತು ಪೊಲೀಸರನ್ನು ಒಟ್ಟಿಗೆ ಕೂರಿಸಿದ ಮೊಹಲ್ಲಾ ಸಮಿತಿಗಳ ಕೆಲಸಕ್ಕೆ ರಿಬೇರೊ ಹೆಗಲು ಕೊಟ್ಟರು. 1998ರಲ್ಲಿ ಪೊಲೀಸ್ ಸುಧಾರಣೆಯ ಸಮಿತಿಗೆ ಅಧ್ಯಕ್ಷರಾದರು. ಅದು ಪ್ರಕಾಶ್ ಸಿಂಗ್ ಎಂಬ ಇನ್ನೊಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಹೂಡಿದ್ದ ಮೊಕದ್ದಮೆಗೆ ಸಂಬಂಧಪಟ್ಟದ್ದು. ಅದೇ ಮೊಕದ್ದಮೆಯಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ 7 ನಿರ್ದೇಶನ ಕೊಟ್ಟಿತು. ಅದರಲ್ಲೊಂದು: ಜಿಲ್ಲೆಯ ಎಸ್‌ಪಿಗೂ ಠಾಣಾಧಿಕಾರಿಗೂ ಒಂದೇ ಕಡೆ ಕನಿಷ್ಠ 2 ವರ್ಷ ಅವಧಿ ಇರಬೇಕು. ಇನ್ನೊಂದು: ಪೊಲೀಸರ ಮೇಲಿನ ದೂರು ಕೇಳಲು ಜಿಲ್ಲಾ ಮಟ್ಟದಲ್ಲೂ ಪ್ರಾಧಿಕಾರ ಇರಬೇಕು.

2 ವರ್ಷದಿಂದ ಏನಾಗುತ್ತದೆ ಎನ್ನಬಹುದು. ಸುದ್ದಿಗಾಗಿ ಠಾಣೆಗಳಿಗೆ ಅಲೆಯುವ ನನಗೆ ಅದರ ಬೆಲೆ ಗೊತ್ತು. ಬದುವಿನ ಜಗಳದ ದೂರು ಹಿಡಿದು ಬಂದ ರೈತನಿಗೆ ಎಸ್‌ಐ ಬದಲಾದಾಗಲೆಲ್ಲ ಮೊದಲಿಂದ ಕಥೆ ಹೇಳುವ ಪಾಡು. ಯಾವಾಗ ಎತ್ತಂಗಡಿಯೋ ಎಂದು ಕಾಯುವ ಅಧಿಕಾರಿ ಕಾನೂನಿಗಿಂತ ಮೊದಲು ಮುಖಂಡರ ಫೋನಿಗೆ ಹೆದರುತ್ತಾನೆ.

ಬಂದೂಕಿನವರ ಮುಂದೆ ನಿಲ್ಲಲು ಒಬ್ಬ ಧೈರ್ಯವಂತ ಸಾಕು. ಬಡವನ ದೂರು ದಾಖಲಾಗಬೇಕಾದರೆ ವ್ಯವಸ್ಥೆಯೇ ನೆಟ್ಟಗಿರಬೇಕು. ಮುಂದಿನ ಸಲ ಓಟು ಕೇಳಲು ಬಂದವರಿಗೆ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ನಮ್ಮ ಠಾಣೆಯ ಎಸ್‌ಐ 2 ವರ್ಷ ಇರುತ್ತಾರಾ?