ರೂಮ್ ಬಾಡಿಗೆಯ ಮಿತಿ ಓದಿ

ಮುಲುಂಡ್, ಡೊಂಬಿವಲಿಯ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಹೆಲ್ತ್ ಪಾಲಿಸಿ ಇರಲೇಬೇಕು ಎನ್ನುವವಳು ನಾನು. ಮುಂಬೈ ಪಾಲಿಕೆಯ ಕೆಇಎಂನಂಥ ಆಸ್ಪತ್ರೆಯಲ್ಲಿ ಒಳ್ಳೆಯ ಡಾಕ್ಟರರಿದ್ದಾರೆ, ಆದರೆ ಅಲ್ಲಿನ ಜನಸಂದಣಿ ನಿಮಗೂ ಗೊತ್ತು, ಖಾಸಗಿ ಆಸ್ಪತ್ರೆಗೆ ಹೋಗಬೇಕಾಗಿ ಬರಬಹುದು.

ಸಹಿ ಹಾಕುವ ಮುಂಚೆ ರೂಮ್ ಬಾಡಿಗೆಯ ಮಿತಿ ಓದಿ. 5 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ. 1 ಎಂದಿದ್ದರೆ ಸಿಗುವುದು 5,000 ರೂಪಾಯಿ. 10,000ದ ರೂಮ್ ಹಿಡಿದಿರೋ, ಬಾಡಿಗೆ ಮಾತ್ರವಲ್ಲ, ಸರ್ಜನ್ ಫೀಸು, ಆಪರೇಷನ್ ಥಿಯೇಟರ್ ಖರ್ಚಿನಲ್ಲೂ ಅರ್ಧ ನಿಮ್ಮ ತಲೆಗೇ ಬರಬಹುದು. ಎಷ್ಟೋ ಏಜೆಂಟರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ನನಗೆ ಸಿಟ್ಟು ಬರುವುದೇ ಅಲ್ಲಿ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿದ್ದ ಶೇ. 18ರ ಜಿಎಸ್‌ಟಿ ಹೋಗಿದೆ. ಹಾಗೆ ಉಳಿದ ಹಣಕ್ಕೆ ಇನ್ನಷ್ಟು ಸೇರಿಸಿಯಾದರೂ ರೂಮ್ ಬಾಡಿಗೆಗೆ ಮಿತಿಯಿಲ್ಲದ ಪಾಲಿಸಿಯನ್ನೇ ಕೇಳಿ. ಶುಗರ್, ಬಿಪಿ ಇದ್ದರೆ ಫಾರ್ಮಿನಲ್ಲಿ ಬರೆದೇ ಬಿಡಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ನೀವೇ ಕಾರಣ ಕೊಟ್ಟ ಹಾಗೆ.