ವೇಮಗಲ್ಲಿನಿಂದ ಬೆಂಗಳೂರಿಗೆ

ಸಂಸ್ಕೃತದಲ್ಲಿ ‘ನಾಗರ’ನೆಂದರೆ ಪಟ್ಟಣಿಗನೆಂದೂ ಜಾಣನೆಂದೂ ಎರಡರ್ಥಗಳುಂಟು; ‘ಗ್ರಾಮ್ಯ’ವನ್ನಾದರೋ ಆಲಂಕಾರಿಕರು ಕಾವ್ಯದೋಷಗಳಲ್ಲಿ ಎಣಿಸಿರುವರು. ಮೂವತ್ತು ವರ್ಷಗಳ ಕಾಲ ಈ ಪಾಠವನ್ನು ಹೇಳಿದ ನಾವು, ನಿವೃತ್ತರಾದ ಮೇಲೆ, ಕೋಲಾರ ತಾಲ್ಲೂಕಿನ ವೇಮಗಲ್ಲನ್ನು ಬಿಟ್ಟು ಬೆಂಗಳೂರಿನ ಕೋರಮಂಗಲದ ಕಡೆ ಮಗನ ಮನೆಯನ್ನು ಸೇರಿ ಎರಡು ವರ್ಷಗಳಾದುವು. ಇದರಿಂದ ಜಾಣರಾದೆವೋ ಇಲ್ಲವೋ ಎಂಬುದನ್ನು ಹೇಳಬೇಕಾದವಳು ನಮ್ಮ ಗೃಹಿಣಿ. ಈಗ ಊರಿನ ಮನೆಯನ್ನು ಮಾರಿಬಿಡಬೇಕೆಂಬ ಪ್ರಸ್ತಾಪವು ಬಂದಿರುವುದರಿಂದ, ಎರಡು ಕಡೆಯ ಗುಣದೋಷಗಳನ್ನೂ ತೂಗಿ ನೋಡುವುದು ನಮಗೆ ಅನಿವಾರ್ಯವಾಗಿದೆ.

ವೇಮಗಲ್ಲಿನಿಂದ ಬೆಂಗಳೂರು ಸುಮಾರು ೬೦ ಕಿಲೋಮೀಟರು. ನರಸಾಪುರದ ಬಳಿ ಹೆದ್ದಾರಿಯನ್ನು ಹಿಡಿದು, ಹೊಸಕೋಟೆಯನ್ನು ದಾಟಿ, ಕೃಷ್ಣರಾಜಪುರವನ್ನು ಹೊಕ್ಕರೆ ನಗರವೇ ಸರಿ. ನಾವು ಬಾಲಕರಾಗಿದ್ದಾಗ ರಾಗಿಯ ಹೊಲಗಳನ್ನು ಕಂಡಿದ್ದ ನೆಲದಲ್ಲಿ ಈಗ ನರಸಾಪುರ, ವೇಮಗಲ್ ಎರಡೆಡೆಯೂ ಕೈಗಾರಿಕಾ ಪ್ರದೇಶಗಳು ಎದ್ದಿರುವುವು. ನಮ್ಮ ಹಳೆಯ ಹೆಂಚಿನ ಮನೆಗೆ ಬೆಲೆ ಬಂದಿರುವುದು ಈ ಕಾರಣದಿಂದಲೇ ಹೊರತು ಅದರ ಸೊಬಗಿನಿಂದಲ್ಲ.

ಈ ದಾರಿಯಲ್ಲಿ ವಲಸೆ ಹೋದವರಲ್ಲಿ ನಾವು ಮೊದಲಿಗರೇನೂ ಅಲ್ಲ. ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ನೆಲೆಸಿ ೧೯೪೫ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಗವಿಪುರದಲ್ಲಿ ಮನೆಮಾಡಿದರು. ನಮ್ಮನ್ನು ಆ ಸಾಲಿಗೆ ಸೇರಿಸಿಕೊಳ್ಳುವ ಧಾರ್ಷ್ಟ್ಯವು ನಮಗಿಲ್ಲ. ಹೊರಟ ಸೀಮೆಯೂ ಸೇರಿದ ಊರೂ ಒಂದೇ ಎಂದಷ್ಟೇ ಹೇಳಿದೆವು.

ನಗರದ ಗುಣಗಳನ್ನು ಮರೆಮಾಚುವುದು ಕೃತಘ್ನತೆಯಾದೀತು. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯದಲ್ಲಿ ಕುಳಿತರೆ ನಮಗೆ ಊಟದ ಹೊತ್ತು ತಿಳಿಯದು. ದೋಷವನ್ನೂ ಹೇಳಬೇಕು. ನಮ್ಮ ಮಹಡಿಯಲ್ಲಿಯೇ, ಎದುರು ಬಾಗಿಲಿನಲ್ಲಿದ್ದ ವೃದ್ಧರು ತೀರಿಕೊಂಡುದು ನಮಗೆ ತಿಳಿದುದು ನಾಲ್ಕನೆಯ ದಿನ. ಊರಿನಲ್ಲಿ ಯಾರದಾದರೂ ಹಸು ಕರು ಹಾಕಿದರೂ ಬೆಳಗಾಗುವುದರೊಳಗೆ ಎಲ್ಲರಿಗೂ ಗೊತ್ತಾಗುವುದು. ಅಂದು ರಾತ್ರಿ ನಾವು ಊಟಮಾಡಲಿಲ್ಲ.

ನೀರಿನ ವಿಷಯವು ಇನ್ನೂ ವಿಚಿತ್ರವಾದುದು. ನಮ್ಮ ಸೀಮೆಯಲ್ಲಿ ಜೀವನದಿಯಿಲ್ಲ, ಕೆರೆಯೇ ಗತಿ. ಬೆಂಗಳೂರಿಗಾದರೋ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ೧೦೦ ಕಿಲೋಮೀಟರು ದೂರ ಯಂತ್ರಗಳಿಂದ ಎತ್ತಿ ತರುತ್ತಾರೆ. ಆ ನೀರನ್ನು ನಾವು ಬಳಸಿ ಚೆಲ್ಲಿದ ಮೇಲೆ, ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧಿಮಾಡಿ, ೨೦೧೮ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವರು. ಮೊದಲು ಲಕ್ಷ್ಮೀಸಾಗರದ ಕೆರೆ, ಬಳಿಕ ನರಸಾಪುರದ ಕೆರೆ ತುಂಬಿದುವು. ಅದು ಕುಡಿಯುವುದಕ್ಕಲ್ಲ, ಅಂತರ್ಜಲವನ್ನು ಹೆಚ್ಚಿಸುವುದಕ್ಕೆ. ಎರಡು ಹಂತದ ಶುದ್ಧಿಯು ಸಾಲದು, ಮೂರನೆಯದೂ ಬೇಕೆಂದು ನಮ್ಮವರು ವಾದಿಸುತ್ತಿರುವುದು ನ್ಯಾಯವೇ. ಆದರೂ ಬಸ್ಸಿನಿಂದ ಆ ತುಂಬಿದ ಕೆರೆಯನ್ನು ಕಂಡಾಗಲೆಲ್ಲ, ನಾವು ಸ್ನಾನಮಾಡಿ ಬಿಟ್ಟ ನೀರು ನಮಗಿಂತ ಮುಂಚೆಯೇ ಊರಿಗೆ ಹಿಂದಿರುಗಿತಲ್ಲಾ ಎಂದುಕೊಳ್ಳುತ್ತೇವೆ.

ಕಳೆದ ಮಾಘಮಾಸದಲ್ಲಿ ಒಂದು ರಾತ್ರಿ ನಮ್ಮ ಗೃಹಿಣಿಗೆ ಎದೆನೋವು ಕಾಣಿಸಿಕೊಂಡಿತು. ಮಗನು ಪರಸ್ಥಳದಲ್ಲಿದ್ದನು. ನಮ್ಮೂರಿನ ಹಳೆಯ ಶಿಷ್ಯನೊಬ್ಬನು ಇಲ್ಲಿ ಬಾಡಿಗೆಯ ಕಾರು ಓಡಿಸುತ್ತಾನೆ. ಅವನಿಗೆ ಫೋನು ಮಾಡಿದೆವು. ಅರ್ಧಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆವು. ವೈದ್ಯರು ತಡವಾಗಿದ್ದರೆ ಕಷ್ಟವಿತ್ತೆಂದರು. ಊರಿನಲ್ಲಿದ್ದಿದ್ದರೆ ಕೋಲಾರವನ್ನು ಮುಟ್ಟುವುದಕ್ಕೇ ಅಷ್ಟು ಹೊತ್ತು ಬೇಕಾಗುತ್ತಿತ್ತು.

ಆಕೆ ಮನೆಗೆ ಬಂದ ಮೇಲೆ ಅವನು ವಿಚಾರಿಸಲು ಬಂದು, ನಡುಮನೆಯ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿದನು. ಆಗಲೇ ನಮಗೆ ಹೊಳೆದದ್ದು: ಊರಿನಲ್ಲಿ ಅವನು ನಮ್ಮ ಮನೆಯೊಳಗೆ ಒಂದು ದಿನವೂ ಕಾಲಿಟ್ಟವನಲ್ಲ. ಪುಸ್ತಕ ಕೇಳಲು ಬಂದರೆ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದನು, ಜಗಲಿಯನ್ನೂ ಹತ್ತುತ್ತಿರಲಿಲ್ಲ. ಅವನ ಕೇರಿಯವರು ಹಾಗೆಯೇ ನಿಲ್ಲುವುದು ವಾಡಿಕೆಯಾಗಿತ್ತು. ಅಲ್ಲಿ ನಿಲ್ಲೆಂದು ನಾವು ಹೇಳಲಿಲ್ಲ. ಒಳಗೆ ಬಾ ಎಂದೂ ಹೇಳಲಿಲ್ಲ.

“ಊರಿನ ನೆನಪಾಗುವುದಿಲ್ಲವೇನಪ್ಪ?” ಎಂದೆವು.

“ಆಗ್ದೆ ಏನು ಮೇಷ್ಟ್ರೇ, ಅಮ್ಮ ಅಲ್ಲೇ ಅವ್ರೆ. ಆದ್ರೆ ಇಲ್ಲಿ ಹೋಟ್ಲಿಗೆ ಹೋದ್ರೆ ನೀನು ಯಾರ ಮಗ ಅಂತ ಯಾರೂ ಕೇಳಲ್ಲ. ಬಾಡಿಗೆ ಮನೆ ಹುಡುಕುವಾಗ ಮಾತ್ರ ಅಷ್ಟೂ ಕೇಳ್ತಾರೆ, ಬಿಡಿ,” ಎಂದು ನಕ್ಕನು.

ಯಾರ ಮಗನೆಂದು ಕೇಳುವವರಿಲ್ಲವೆಂಬುದನ್ನೇ ನಗರದ ಮೊದಲನೆಯ ದೋಷವೆಂದು ನಾವು ಬರೆದಿಟ್ಟುಕೊಂಡಿದ್ದೆವು. ಆ ಕಾಗದವು ಇನ್ನೂ ಮೇಜಿನ ಮೇಲಿದೆ.

ಮನೆಯನ್ನು ಸದ್ಯಕ್ಕೆ ಮಾರುವುದಿಲ್ಲವೆಂದು ಮಗನಿಗೆ ತಿಳಿಸಿರುವೆವು. ಯುಗಾದಿಗೆ ಹೋಗಬೇಕು, ಹೆಂಚು ಸರಿಮಾಡಿಸಬೇಕು. ಶಿಷ್ಯನೇ ಕಾರು ತರುವನು. ನಿನ್ನೆ ಗೃಹಿಣಿಯು ಹಬ್ಬದ ಅಡಿಗೆಯ ಲೆಕ್ಕ ಹಾಕುತ್ತಾ, ನಡುಮನೆಯಲ್ಲಿ ಎಷ್ಟು ಎಲೆ ಹಾಕುವುದೆಂದು ಕೇಳಿದಳು. ಮೂರು ಎಂದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನ ತಾಯಿ ಊರಲ್ಲೇ ಇದಾರಲ್ಲ, ನಾಲ್ಕು ಅನ್ನಿ,” ಎಂದಳು.